ಉರುಳುವ ಚಕ್ರವೂ ಜಾರುವ ಚಕ್ರವೂ

ಕಳೆದ ದಸರಾ ರಜೆಯಲ್ಲಿ ನನ್ನ ತಮ್ಮನ ಮಗಳು ನಮ್ಮ ಮನೆಗೆ ಬಂದಿದ್ದಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿ. ಆಯುಧಪೂಜೆಯಂದು ಸೈಕಲ್ಲು, ಹೊಲಿಗೆಯಂತ್ರ, ಈಳಿಗೆಮಣೆಗಳ ಸಾಲಿನಲ್ಲಿ ತನ್ನ ಲ್ಯಾಪ್‌ಟಾಪನ್ನೂ ಇಟ್ಟು ಕುಂಕುಮ ಹಚ್ಚಿದಳು. ಮರುದಿನ ವಿಜಯದಶಮಿ. ಬೆಳಗಿನ ಕಾಫಿ ಮುಗಿಯುತ್ತಲೇ ಅದನ್ನು ತೆರೆದು, "ದೊಡ್ಡಪ್ಪಾ, ಇಲ್ಲಿ ಬನ್ನಿ. ನಿಮಗೆ ರೈಲು ಅಂದರೆ ಇಷ್ಟ ಅಲ್ವಾ? ನಾನು ಮಾಡಿರೋ ಚಕ್ರ ತೋರಿಸ್ತೀನಿ" ಎಂದು ಕರೆದಳು.

ಕ್ಯಾಡ್ ತಂತ್ರಾಂಶದಲ್ಲಿ ಅವಳೇ ರಚಿಸಿದ್ದ ರೈಲುಗಾಲಿ ಅದು. ನಮ್ಮ ದೇಶದ ರೈಲುಬೋಗಿಗಳ ಹೊಸ ಗಾಲಿಯ ವ್ಯಾಸ 915 ಮಿಲಿಮೀಟರ್. ಆ ಅಳತೆಯನ್ನೇ ಅವಳು ತೆಗೆದುಕೊಂಡಿದ್ದಳು. ಒಳಮಗ್ಗುಲಿನ ಫ್ಲೇಂಜನ್ನೂ, ಹಳಿಯ ತಲೆಯ ದುಂಡನ್ನೂ ಬಿಡದೆ ಬರೆದಿದ್ದಳು. ಹಳಿಯ ಉದ್ದ 10 ಮೀಟರ್. ಗುಂಡಿ ಒತ್ತಿದೊಡನೆ ಗಾಲಿಯು ತಿರುಗುತ್ತ ತಿರುಗುತ್ತ 5 ಸೆಕೆಂಡುಗಳಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಿತು. ಉಕ್ಕಿನ ಹೊಳಪೇನು, ನೆರಳೇನು! ನನ್ನ ಕಾಲದಲ್ಲಿ ಕಪ್ಪುಹಲಗೆಯ ಮೇಲೆ ಒಂದು ವೃತ್ತವನ್ನು ದುಂಡಗೆ ಬರೆದರೆ ಅದೇ ದೊಡ್ಡ ಸಾಧನೆಯಾಗಿತ್ತು.

ಆದರೂ ಏನೋ ಸರಿಯಿಲ್ಲವೆಂದು ಮನಸ್ಸಿಗೆ ತೋರಿತು. ಸವೆದ ಸೈಕಲ್ ಟೈರನ್ನು ಕೋಲಿನಿಂದ ತಟ್ಟುತ್ತ ಊರೆಲ್ಲ ಓಡಿಸಿದ ಪೀಳಿಗೆ ನಮ್ಮದು. ಮೀಟರ್ ಗೇಜ್ ಹಳಿಯ ಪಕ್ಕದ ಬೇಲಿಗೆ ಒರಗಿಕೊಂಡು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸಿದ ಕಣ್ಣುಗಳು ಇವು. ಉರುಳುವುದೆಂದರೆ ಹೇಗಿರುತ್ತದೆಂದು ಕಣ್ಣಿಗೆ ಗೊತ್ತು, ಬಾಯಿಗೆ ಗೊತ್ತಿರುವುದಿಲ್ಲ. "ಚಕ್ರಕ್ಕೆ ಯಾಕೋ ಅವಸರ ಜಾಸ್ತಿಯಾಯಿತಲ್ಲಮ್ಮ. ಎಷ್ಟು ಸುತ್ತು ತಿರುಗಿಸಿದ್ದೀಯೆ?" ಎಂದು ಕೇಳಿದೆ. "ಸೆಕೆಂಡಿಗೆ ಒಂದು ಸುತ್ತು" ಎಂದಳು.

ಕ್ಯಾಲೆಂಡರಿನ ಹಳೆಯ ಹಾಳೆಯೊಂದರ ಬೆನ್ನ ಮೇಲೆ ಇಬ್ಬರೂ ಲೆಕ್ಕ ಹಾಕಿದೆವು. ವ್ಯಾಸ 915 ಮಿಲಿಮೀಟರ್ ಆದರೆ ಪರಿಧಿ ಸುಮಾರು 2875 ಮಿಲಿಮೀಟರ್. ಐದು ಸುತ್ತಿಗೆ 14 ಮೀಟರಿಗೂ ಹೆಚ್ಚು ದೂರ ಸಾಗಬೇಕು. ಅವಳ ಗಾಲಿ ಸಾಗಿದ್ದು 10 ಮೀಟರ್ ಮಾತ್ರ. ಉಳಿದ ನಾಲ್ಕು ಮೀಟರಿಗೂ ಮಿಕ್ಕ ಪರಿಧಿ ಹಳಿಯ ಮೇಲೆ ಜಾರಿಹೋಗಿತ್ತು. ಕೆಸರಿನಲ್ಲಿ ಸಿಕ್ಕಿಬಿದ್ದ ಲಾರಿಯ ಚಕ್ರದಂತೆ ಅದು ಅರ್ಧ ಉರುಳಿ ಅರ್ಧ ಜಾರಿ ಹೋಗಿತ್ತು. 10 ಮೀಟರ್ ನಿಜವಾಗಿ ಉರುಳಬೇಕಾದರೆ ಆ ಗಾಲಿ ಸುಮಾರು 3.48 ಸುತ್ತು, ಅಂದರೆ 1252 ಡಿಗ್ರಿಗಳಷ್ಟು ಮಾತ್ರ ತಿರುಗಬೇಕು.

ಹುಡುಗಿಯ ಮುಖ ಸಪ್ಪಗಾಯಿತು. "ಸೆಮಿನಾರಿನಲ್ಲಿ ಇದನ್ನೇ ತೋರಿಸಿದೆವು ದೊಡ್ಡಪ್ಪಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಏನೂ ಹೇಳಲಿಲ್ಲ" ಎಂದಳು.

ಯಾರೂ ಏನೂ ಹೇಳಲಿಲ್ಲ ಎಂಬ ಆ ಮಾತೇ ನನ್ನನ್ನು ಈ ಬರಹಕ್ಕೆ ಹಚ್ಚಿತು. ಹೇಳಬೇಕಾದದ್ದನ್ನು ತಂತ್ರಾಂಶ ಹೇಳಲಾರದು. ತಿರುಗುವುದು ಒಂದು ಚಲನೆ, ಸಾಗುವುದು ಇನ್ನೊಂದು ಚಲನೆ. ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟರೆ ಅದು ಎರಡನ್ನೂ ವಿನಯದಿಂದ ಪಾಲಿಸುತ್ತದೆ. ಅವೆರಡಕ್ಕೂ ಗಂಟು ಹಾಕುವ ನಿಯಮ ಒಂದೇ: ಸಾಗಿದ ದೂರವು ತ್ರಿಜ್ಯವನ್ನು ತಿರುಗಿದ ಕೋನದಿಂದ ಗುಣಿಸಿದಷ್ಟಿರಬೇಕು, ಕೋನ ರೇಡಿಯನ್ನಿನಲ್ಲಿರಬೇಕು. ಆ ಗಂಟನ್ನು ಹಾಕಬೇಕಾದವರು ನಾವು. ಹಾಕದಿದ್ದರೆ ಕಂಪ್ಯೂಟರು ನಮ್ಮನ್ನು ಗದರುವುದಿಲ್ಲ, ಕೆಂಪು ಶಾಯಿಯ ಗೆರೆ ಎಳೆಯುವುದಿಲ್ಲ. ತಪ್ಪನ್ನೇ ಇನ್ನಷ್ಟು ಹೊಳಪು ಕೊಟ್ಟು ತೋರಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಷ್ಟು ಹೇಳಿ ಕಂಪ್ಯೂಟರನ್ನು ಹಳಿದು, ಕಪ್ಪುಹಲಗೆಯನ್ನು ಹೊಗಳಿ ಮುಗಿಸಿಬಿಡುವುದು ನಿವೃತ್ತ ಮೇಷ್ಟರೊಬ್ಬನಿಗೆ ಬಹಳ ಸುಲಭ. ಹಾಗೆ ಮಾಡಲು ನನಗೆ ಅಧಿಕಾರವಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ.

1987ರಲ್ಲಿ ನಾನು ಒಂಬತ್ತನೆಯ ತರಗತಿಗೆ ಭೌತವಿಜ್ಞಾನ ಕಲಿಸುತ್ತಿದ್ದೆ. ಆ ತರಗತಿಯಲ್ಲಿ ಒಬ್ಬ ಹುಡುಗ ಸಂಜೆಹೊತ್ತು ಸೈಕಲ್ ಷಾಪಿನಲ್ಲಿ ಪಂಕ್ಚರ್ ಹಾಕಿ ನಾಲ್ಕು ಕಾಸು ಸಂಪಾದಿಸುತ್ತಿದ್ದ. ವೇಗದ ಪಾಠ ನಡೆದಿತ್ತು. ಅವನು ಎದ್ದುನಿಂತು, "ಸಾರ್, ಸೈಕಲ್ ಓಡುವಾಗ ಚಕ್ರ ನೆಲಕ್ಕೆ ತಾಗುತ್ತಲ್ಲ, ಆ ಜಾಗ ಓಡ್ತಿರುತ್ತಾ, ನಿಂತಿರುತ್ತಾ?" ಎಂದು ಕೇಳಿದ. ನಾನು ಅರೆಕ್ಷಣವೂ ಯೋಚಿಸಲಿಲ್ಲ. "ಇಡೀ ಸೈಕಲ್ಲೇ ಓಡುತ್ತಿರುವಾಗ ಅದೊಂದು ಜಾಗ ಮಾತ್ರ ನಿಂತುಕೊಳ್ಳುತ್ತದೇನೋ? ಕೂತ್ಕೊ" ಎಂದೆ. ತರಗತಿ ನಕ್ಕಿತು. ಅವನು ಕುಳಿತುಕೊಳ್ಳುವ ಮೊದಲು ಮೆಲ್ಲಗೆ, "ಕೆಳಗಿನ ಕಡ್ಡಿಗಳು ಒಂದೊಂದೇ ಕಾಣ್ತವೆ ಸಾರ್, ಮೇಲಿನವು ಕಾಣಲ್ಲ" ಎಂದ. ನಾನು ಅದನ್ನು ಕೇಳಿಸಿಕೊಂಡೆ, ಕೇಳಿಸದವನಂತೆ ಪಾಠ ಮುಂದುವರಿಸಿದೆ.

ಹುಡುಗ ಹೇಳಿದ್ದು ಅಕ್ಷರಶಃ ಸತ್ಯ. ಜಾರದೆ ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿದ ಬಿಂದುವು ಆ ಕ್ಷಣದಲ್ಲಿ ನಿಶ್ಚಲ. ಅಚ್ಚು ಸೈಕಲ್ಲಿನ ವೇಗದಲ್ಲಿ ಸಾಗುತ್ತದೆ. ನೆತ್ತಿಯ ಬಿಂದು ಅದರ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. ಆದುದರಿಂದಲೇ ನೆಲದ ಹತ್ತಿರದ ಕಡ್ಡಿಗಳು ಬಿಡಿಬಿಡಿಯಾಗಿ ಕಾಣುತ್ತವೆ, ಮೇಲಿನವು ಮಸುಕಾಗಿ ಬೆರೆತುಹೋಗುತ್ತವೆ. ಓಡುವ ಸೈಕಲ್ಲಿನ ಛಾಯಾಚಿತ್ರಗಳಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಬಿ.ಎಡ್. ಪದವಿಯಿದ್ದ ನಾನು ಪುಸ್ತಕವನ್ನು ನೋಡಿದ್ದೆ, ಪಂಕ್ಚರ್ ಹಾಕುತ್ತಿದ್ದ ಅವನು ಚಕ್ರವನ್ನು ನೋಡಿದ್ದ.

ಕೆಲವು ವರ್ಷಗಳ ನಂತರ ನನಗೆ ವಿಷಯ ಅರಿವಾಯಿತು. ಅಷ್ಟು ಹೊತ್ತಿಗೆ ಹುಡುಗ ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟಿದ್ದ. ಆ ದಿನದ ಮೇಲೆ ಅವನು ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಗದರದ ಕಂಪ್ಯೂಟರಿಗಿಂತ, ತಪ್ಪಾಗಿ ಗದರಿದ ಮೇಷ್ಟ್ರು ಹೆಚ್ಚು ಕೆಡುಕು ಮಾಡಿದನೆಂದು ಒಪ್ಪಿಕೊಳ್ಳದೆ ಮುಂದಿನ ಮಾತು ಆಡಲಾರೆ.

ವಿಜಯದಶಮಿಯ ದಿನಕ್ಕೆ ಮರಳೋಣ. ಹುಡುಗಿ ಸುಮ್ಮನೆ ಕೂರಲಿಲ್ಲ. ಇಂಥ ತಂತ್ರಾಂಶಗಳಲ್ಲಿ ತಿರುಗುವುದನ್ನೂ ಸಾಗುವುದನ್ನೂ ಜೋಡಿಸುವ ಉಪಾಯ ಇದ್ದೇ ಇದೆ ಎಂದು ಹುಡುಕಿ ತೋರಿಸಿದಳು. ಸಾಲಿಡ್‌ವರ್ಕ್ಸ್‌ನಲ್ಲಿ ಅದಕ್ಕೆ ರ‍್ಯಾಕ್-ಪಿನಿಯನ್ ಮೇಟ್ ಎಂದು ಹೆಸರು. ಹಲ್ಲಿನ ಪಟ್ಟಿಯ ಮೇಲೆ ಹಲ್ಲಿನ ಚಕ್ರ ಓಡುವುದಕ್ಕಾಗಿ ಮಾಡಿದ್ದು, ಹಲ್ಲಿಲ್ಲದ ಗಾಲಿಗೂ ಹಳಿಗೂ ಒದಗುತ್ತದೆ. ಇನ್ವೆಂಟರ್‌ನಲ್ಲಿ ತಿರುಗುವಿಕೆ ಮತ್ತು ಸಾಗುವಿಕೆಗಳ ನಡುವೆ ನಿರ್ಬಂಧ ಹಾಕಬಹುದು. ಹಣ ಕೊಡದೆ ಬಳಸಬಹುದಾದ ಫ್ರೀಕ್ಯಾಡ್‌ನಲ್ಲಿಯೂ 2024ರಲ್ಲಿ ಬಂದ 1.0 ಆವೃತ್ತಿಯಿಂದ ಇಂಥದೇ ಜೋಡಣೆ ಇದೆ. ಹೆಸರು ಏನೇ ಇರಲಿ, ಎಲ್ಲವೂ ಕೇಳುವುದು ಒಂದೇ ಪ್ರಶ್ನೆ: ಒಂದು ಸುತ್ತಿಗೆ ಎಷ್ಟು ದೂರ, ಇಲ್ಲವೇ ವ್ಯಾಸವೆಷ್ಟು? ಉತ್ತರ ನಮ್ಮದು.

ವ್ಯಾಸದ ಜಾಗದಲ್ಲಿ 915 ಎಂದು ತುಂಬಿ ಗುಂಡಿ ಒತ್ತಿದಳು. ಗಾಲಿ ಮುಂದಕ್ಕೆ ಸಾಗಿತು, ಆದರೆ ಹಿಂದುಮುಂದಾಗಿ ತಿರುಗಿತು! ಇಬ್ಬರೂ ನಕ್ಕೆವು. ದಿಕ್ಕನ್ನು ಬದಲಿಸುವ ಒಂದು ಚೌಕವಿತ್ತು. ಅದಕ್ಕೆ ಗುರುತು ಹಾಕಿದ ಮೇಲೆ ಗಾಲಿ ಸರಿಯಾಗಿ ಉರುಳಿತು. ನನ್ನ ಕಣ್ಣಿಗೆ ಸಮಾಧಾನವಾಯಿತು.

ಆಮೇಲೆ ನಾನೊಂದು ಬೇಡಿಕೆಯಿಟ್ಟೆ. ಹಳಿಗೆ ತಾಗುವ ವೃತ್ತದ ಮೇಲೆ ಒಂದು ಚುಕ್ಕೆಯಿಟ್ಟು ಅದು ಸಾಗಿದ ಜಾಡನ್ನು ತೋರಿಸು ಎಂದೆ. ಪರದೆಯ ಮೇಲೆ ಕಮಾನಿನ ಹಿಂದೆ ಕಮಾನು ಮೂಡಿತು. ಗಣಿತದಲ್ಲಿ ಇದರ ಹೆಸರು ಸೈಕ್ಲಾಯ್ಡ್. ಪ್ರತಿ ಕಮಾನಿನ ಕಾಲು ಹಳಿಗೆ ತಾಗುವಲ್ಲಿ ಗೆರೆ ನೆಟ್ಟಗೆ ಕೆಳಗಿಳಿದು, ನಿಂತು, ನೆಟ್ಟಗೆ ಮೇಲೇಳುತ್ತದೆ. ಅಲ್ಲಿ ಚುಕ್ಕೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸೈಕಲ್ ಷಾಪಿನ ಹುಡುಗನ ಪ್ರಶ್ನೆಗೆ ಉತ್ತರ ಕೊನೆಗೂ ನನ್ನ ಮನೆಯ ಊಟದ ಮೇಜಿನ ಮೇಲೆ ಬಂದು ಬಿದ್ದಿತ್ತು. ಬರಬೇಕಾದ ಕಡೆಗೆ ಬರಲಿಲ್ಲ, ಬರಬೇಕಾದ ಕಾಲಕ್ಕೂ ಬರಲಿಲ್ಲ.

ಒಂದು ಕಮಾನಿನ ಉದ್ದವನ್ನು ಅಳೆಸಿದೆ. 3660 ಮಿಲಿಮೀಟರ್ ಬಂದಿತು. 915ರ ನಾಲ್ಕರಷ್ಟು! ಸೈಕ್ಲಾಯ್ಡಿನ ಒಂದು ಕಮಾನಿನ ಉದ್ದವು ವ್ಯಾಸದ ನಾಲ್ಕರಷ್ಟೆಂದು ಇಂಗ್ಲೆಂಡಿನ ಕ್ರಿಸ್ಟಫರ್ ರೆನ್ 1658ರಲ್ಲಿಯೇ ಸಾಧಿಸಿದ್ದ. ಪರಿಧಿಯಲ್ಲಿ ಪೈ ಬರುತ್ತದೆ, ಈ ಉದ್ದದಲ್ಲಿ ಬರುವುದಿಲ್ಲ ಎಂಬುದೇ ಸೋಜಿಗ. ಮೊದಲಿನ ಜಾರುವ ಗಾಲಿಗೆ ಇದೇ ಪರೀಕ್ಷೆ ಮಾಡಿದ್ದರೆ ಜಾಡು ಹಳಿಯ ಹತ್ತಿರ ಕುಣಿಕೆಯಂತೆ ಹಿಂದಕ್ಕೆ ಸುತ್ತಿ, ಗುಟ್ಟು ಅಲ್ಲಿಯೇ ಬಯಲಾಗುತ್ತಿತ್ತು. ತಪ್ಪನ್ನು ಮುಚ್ಚಿಟ್ಟ ಯಂತ್ರವೇ, ಕೇಳುವ ಪ್ರಶ್ನೆಯನ್ನು ಕೇಳಿದರೆ, ತಪ್ಪನ್ನು ತೋರಿಸಿಯೂ ಕೊಡುತ್ತದೆ.

ಮುಂದಿನ ಪ್ರಶ್ನೆ ಅವಳದೇ. "ಫ್ಲೇಂಜಿನ ಮೇಲೆ ಚುಕ್ಕೆ ಇಟ್ಟರೆ?" ಫ್ಲೇಂಜು ಹಳಿಯ ಮೇಲ್ಮೈಗಿಂತ ಸುಮಾರು 3 ಸೆಂಟಿಮೀಟರ್ ಕೆಳಕ್ಕೆ ಇಳಿದಿರುತ್ತದೆ. ಆ ಚುಕ್ಕೆಯ ಜಾಡಿನಲ್ಲಿ ಹಳಿಯ ಕೆಳಗೆ ಸಣ್ಣ ಸಣ್ಣ ಕುಣಿಕೆಗಳು ಕಂಡವು. ಇಲ್ಲಿ ಅದು ಜಾರಿಕೆಯ ಗುರುತಲ್ಲ, ಸರಿಯಾಗಿ ಉರುಳುವ ಗಾಲಿಯ ಗುರುತೇ. ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿರುವಾಗ ಫ್ಲೇಂಜಿನ ಕಟ್ಟಕಡೆಯ ಬಿಂದು ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತಿರುತ್ತದೆ! ಒಂದೇ ಕೇಂದ್ರದ ಎರಡು ವೃತ್ತಗಳು ಒಟ್ಟಿಗೆ ಒಂದು ಸುತ್ತು ತಿರುಗಿ ಒಂದೇ ದೂರ ಹೇಗೆ ಸಾಗುತ್ತವೆ ಎಂಬ ಪ್ರಶ್ನೆ ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಹಳೆಯ ಗ್ರಂಥದಲ್ಲಿದೆ. ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಅದನ್ನು ಮತ್ತೆ ಎತ್ತಿಕೊಂಡ. ಎರಡರಲ್ಲಿ ಒಂದು ವೃತ್ತ ಮಾತ್ರ ನಿಜವಾಗಿ ಉರುಳುತ್ತದೆ, ಇನ್ನೊಂದು ಜಾರುತ್ತ ಜೊತೆಗೆ ಸಾಗುತ್ತದೆ ಎಂಬುದು ಉತ್ತರ. ಮಹಾಮಹಿಮರು ತಲೆ ಕೆಡಿಸಿಕೊಂಡ ವಿಷಯದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಲೆಹಾಕಿದ್ದ. ಆತನನ್ನು ನಾನು ಕೂತ್ಕೊ ಎಂದಿದ್ದೆ.

ಹಾಗಾದರೆ ಗಂಟು ಹಾಕಿದ ಮೇಲೆ ಎಲ್ಲವೂ ಸರಿಯಾಯಿತೇ? ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಮೊದಲಿನ ಗಾಲಿ ಎಷ್ಟು ಬೇಕಾದರೂ ಜಾರುತ್ತಿತ್ತು, ಈಗಿನ ಗಾಲಿ ಏನು ಮಾಡಿದರೂ ಜಾರುವುದಿಲ್ಲ. ಹಳಿಗೆ ಎಣ್ಣೆ ಸುರಿದರೂ ಅದಕ್ಕೆ ಗೊತ್ತಾಗದು, ಏಕೆಂದರೆ ಈ ಜೋಡಣೆಯಲ್ಲಿ ಘರ್ಷಣೆಯೆಂಬ ಮಾತೇ ಇಲ್ಲ. ನಿಜವಾದ ಗಾಲಿ ಇವೆರಡರ ನಡುವೆ ಬಾಳುತ್ತದೆ. ಮಳೆಯಲ್ಲಿ ಏರು ಹತ್ತುವಾಗ ಇಂಜಿನ್ನಿನ ಗಾಲಿ ನಿಂತಲ್ಲೇ ತಿರುಗದಿರಲೆಂದು ಹಳಿಯ ಮೇಲೆ ಮರಳು ಬಿಡುವ ವ್ಯವಸ್ಥೆ ಇಂಜಿನ್ನಿನಲ್ಲಿಯೇ ಇರುತ್ತದೆ. ಬ್ರೇಕು ಬಿಗಿಯಾಗಿ ಗಾಲಿ ತಿರುಗದೆ ಜಾರಿದರೆ ತಾಗಿದ ಜಾಗ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಸುತ್ತಿಗೊಮ್ಮೆ ಟಕ್ ಟಕ್ ಎಂದು ಬಡಿಯುವ ಆ ಸದ್ದನ್ನು ರೈಲಿನಲ್ಲಿ ಓಡಾಡಿದ ಓದುಗರು ಕೇಳಿಯೇ ಇರುತ್ತಾರೆ. ಸವೆತವೂ ಲೆಕ್ಕ ಬದಲಿಸುತ್ತದೆ. 915 ಮಿಲಿಮೀಟರಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 348 ಸುತ್ತು ತಿರುಗಿದರೆ, ಸವೆದು 885ಕ್ಕೆ ಇಳಿದ ಗಾಲಿ ಸುಮಾರು 360 ಸುತ್ತು ತಿರುಗಬೇಕು. ಸುತ್ತು ಎಣಿಸಿ ವೇಗ ಹೇಳುವ ಉಪಕರಣಕ್ಕೆ ಹಳೆಯ ವ್ಯಾಸವನ್ನೇ ಕೊಟ್ಟಿದ್ದರೆ ಅದು ತಪ್ಪು ವೇಗವನ್ನೇ ತೋರಿಸುತ್ತದೆ.

ಅವಳ ಹಳಿ ನೇರವಾಗಿತ್ತು. ತಿರುವು ಬಂದರೆ ಇನ್ನೊಂದು ಒಗಟು. ನಮ್ಮ ಬ್ರಾಡ್ ಗೇಜಿನಲ್ಲಿ ಹಳಿಗಳ ನಡುವಣ ಅಂತರ 1676 ಮಿಲಿಮೀಟರ್. ರೈಲು ಲಂಬಕೋನದಷ್ಟು ತಿರುಗಿದರೆ ಹೊರಗಿನ ಹಳಿ ಒಳಗಿನದಕ್ಕಿಂತ 2.6 ಮೀಟರಿಗೂ ಹೆಚ್ಚು ಉದ್ದ, ಹೆಚ್ಚುಕಡಿಮೆ ಒಂದು ಸುತ್ತಿನಷ್ಟು. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿವೆ, ಒಂದು ಹೆಚ್ಚು ಇನ್ನೊಂದು ಕಡಿಮೆ ತಿರುಗುವಂತಿಲ್ಲ. ಗಾಲಿಯ ಮೇಲ್ಮೈ ಸಪಾಟಾಗಿರದೆ ತುಸು ಇಳಿಜಾರಾಗಿ, ಶಂಕುವಿನಂತೆ ಇರುವುದು ಇದಕ್ಕಾಗಿಯೇ. ತಿರುವಿನಲ್ಲಿ ಜೋಡಿ ಹೊರಕ್ಕೆ ಸರಿದಾಗ ಹೊರಗಾಲಿ ದೊಡ್ಡ ವ್ಯಾಸದ ಮೇಲೂ ಒಳಗಾಲಿ ಸಣ್ಣ ವ್ಯಾಸದ ಮೇಲೂ ಉರುಳುತ್ತವೆ. ಇದನ್ನು ನೋಡಲು ಲ್ಯಾಪ್‌ಟಾಪು ಬೇಡ. ಕಾಗದದ ಎರಡು ಟೀ ಲೋಟಗಳನ್ನು ಬಾಯಿಗೆ ಬಾಯಿ ಅಂಟಿಸಿ ಎರಡು ಉದ್ದನೆಯ ಕೋಲುಗಳ ಮೇಲೆ ಉರುಳಿಸಿ ನೋಡಿ, ಓರೆಯಾಗಿ ಬಿಟ್ಟರೂ ನಡುವಿಗೆ ಬರುತ್ತದೆ. ತಳಕ್ಕೆ ತಳ ಅಂಟಿಸಿ ಉರುಳಿಸಿದರೆ ಜಾರಿ ಬೀಳುತ್ತದೆ.

ಯಲಹಂಕದಲ್ಲಿ 1984ರಿಂದ ರೈಲುಗಾಲಿಗಳ ಕಾರ್ಖಾನೆಯಿದೆ. ದೇಶದ ರೈಲುಗಳಿಗೆ ಗಾಲಿ ಎರಕ ಹೊಯ್ಯುವ ನಾಡಿನ ಮಕ್ಕಳು ಗಾಲಿ ಹೇಗೆ ಉರುಳುತ್ತದೆಂದು ತಿಳಿಯದೆ ಇಂಜಿನಿಯರುಗಳಾಗುವುದು ನನಗೆ ಸರಿಕಾಣದು.

ನನ್ನ ಅಭಿಪ್ರಾಯ ಇಷ್ಟು. ಕ್ಯಾಡ್ ತಂತ್ರಾಂಶ ಕಾಲೇಜಿನಲ್ಲಿ ಮಾತ್ರವಲ್ಲ, ಪ್ರೌಢಶಾಲೆಗೂ ಬರಲಿ. ಆದರೆ ಬರುವ ಮುನ್ನ ಡಬ್ಬಿಯ ಮುಚ್ಚಳಕ್ಕೆ ಸೀಮೆಸುಣ್ಣದ ಚೂರು ಕಟ್ಟಿ, ಕಪ್ಪುಹಲಗೆಗೆ ಒತ್ತಿಕೊಂಡು ಅದರ ಕೆಳಗಿನ ಪಟ್ಟಿಯ ಮೇಲೆ ಉರುಳಿಸಿ, ಕಮಾನುಗಳನ್ನು ಮಕ್ಕಳೇ ಬರೆಯಲಿ. ಪರದೆಯ ಮೇಲೆ ಚಕ್ರ ತಿರುಗಿಸಿದ ವಿದ್ಯಾರ್ಥಿಗೆ ಅಂಕ ಕೊಡುವ ಮೊದಲು, "ಇದು ಉರುಳಿತೋ, ಜಾರಿತೋ? ಹೇಗೆ ಬಲ್ಲೆ?" ಎಂದು ಪರೀಕ್ಷಕರು ಕೇಳಲಿ. ಚಪ್ಪಾಳೆ ಆಮೇಲೆ. ನಾವು ಸಿಮ್ಯುಲೇಷನ್ ಎಂದು ಕರೆಯುವುದು ನಾವೇ ಕೊಟ್ಟ ನಿಯಮದ ಪ್ರತಿಧ್ವನಿ. ನಿಯಮ ಕೊಡದೆ ಪ್ರತಿಧ್ವನಿಯನ್ನು ಪ್ರಕೃತಿಯ ಮಾತೆಂದು ನಂಬಿದರೆ ತಪ್ಪು ನಮ್ಮದೇ. ಇನ್ನು ನನ್ನಂಥ ಮೇಷ್ಟರುಗಳಿಗೆ ಒಂದು ಮಾತು. ಮಗು ಚಕ್ರವನ್ನು ನೋಡಿ ಪ್ರಶ್ನೆ ಕೇಳಿದರೆ, ಉತ್ತರ ಹೇಳುವ ಮೊದಲು ಬೀದಿಗೆ ಹೋಗಿ ಚಕ್ರವನ್ನು ನೋಡಿ ಬನ್ನಿ.

ಹುಡುಗಿ ರಜೆ ಮುಗಿಸಿ ಹೊರಟಾಗ ಸೆಮಿನಾರಿನ ಕಡತವನ್ನು ತಿದ್ದಿ, ಮೊದಲು ತಪ್ಪು ಗಾಲಿಯನ್ನೂ ಆಮೇಲೆ ಸರಿ ಗಾಲಿಯನ್ನೂ ಜೋಡಿಸಿಕೊಂಡಿದ್ದಳು. "ಎರಡನ್ನೂ ತೋರಿಸ್ತೀನಿ ದೊಡ್ಡಪ್ಪಾ" ಎಂದಳು. ತಪ್ಪನ್ನು ನಾಲ್ಕು ಜನರೆದುರು ತೋರಿಸುವ ಆ ಧೈರ್ಯ ನನಗೆ ಅವಳ ವಯಸ್ಸಿನಲ್ಲಿ ಇರಲಿಲ್ಲ. 1987ರ ಆ ವಿದ್ಯಾರ್ಥಿ ಈಗ ಐವತ್ತು ದಾಟಿರಬೇಕು. ಎಲ್ಲಿಯಾದರೂ ಇದನ್ನು ಓದುತ್ತಿದ್ದರೆ ಅವನಿಗೆ ಹೇಳುವುದು ಇಷ್ಟೇ: ನಿಂತಿರುತ್ತದಪ್ಪ, ನೀನು ಕಂಡದ್ದು ಸರಿ. ನಾನು ನೋಡಿರಲಿಲ್ಲ.